ಬಾಗಿಲ ಹೊರಗೆ ನಿಂತವರು



ಪರಿಚಿತ ಸಹೋದರಿಯೊಬ್ಬರ ಮಗಳಿಗೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಓದುವ ಅವಕಾಶ ದೊರೆಯಿತು. ಮನೆ ಮಂದಿಗೆಲ್ಲ ಸಂತೋಷ. ತಾಯಿಗೆ ಮಾತ್ರ ಸಂತೋಷದ ಜೊತೆಗೆ ಸಣ್ಣದೊಂದು ಅಳುಕು. "ಆ ಊರಿನ ತುಂಬ ಚರ್ಚುಗಳೇ ಅಂತೆ. ಬೀದಿಗೊಂದು, ಕಾಲೇಜಿಗೊಂದು. ಒಂದು ಮಸೀದಿಯಾದರೂ ಇದೆಯಾ? ಚರ್ಚ್ ನೋಡಲು ಗೆಳತಿಯರು ಕರೆದರೆ ಇವಳು ಹೋಗಬಹುದಾ?" ಎಂದು ಕೇಳಿದರು.

ಮಕ್ಕಳನ್ನು ದೂರದ ಊರಿಗೆ ಕಳುಹಿಸುವ ಯಾವ ತಾಯಿಯ ಮನಸ್ಸಿನಲ್ಲೂ ಏಳುವ ಪ್ರಶ್ನೆಗಳಿವು. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮಸೀದಿ ಇದೆ, ಅದೂ ಜಗತ್ತಿನ ಗಮನ ಸೆಳೆದ ಮಸೀದಿ. ಎರಡನೆಯದಕ್ಕೆ ಇಷ್ಟು ಹೇಳಬಹುದು: ಒಂದು ಹಳೆಯ ಕಟ್ಟಡವನ್ನು ನೋಡಿ ತಿಳಿಯುವುದು ಬೇರೆ, ಅಲ್ಲಿಯ ಆರಾಧನೆಯಲ್ಲಿ ಪಾಲ್ಗೊಳ್ಳುವುದು ಬೇರೆ. ಇನ್ನೂ ಸಂಶಯ ಉಳಿದವರು ತಾವು ನಂಬುವ ವಿದ್ವಾಂಸರನ್ನು ಕೇಳುವುದು ಒಳ್ಳೆಯದು. ಆದರೆ ಆ ಪ್ರಶ್ನೆಗಳ ನೆಪದಲ್ಲಿ ಈ ಬಾರಿ ನಾವು ಆ ಊರಿನ ಬೀದಿಗಳಲ್ಲಿ ಒಂದು ಸುತ್ತು ನಡೆದು ಬರೋಣ. ಅಲ್ಲಿಯ ಚರ್ಚುಗಳ ಬಾಗಿಲಲ್ಲಿ ನಿಂತು ನೋಡಿದರೆ ನಮ್ಮ ಮಸೀದಿಗಳ ಬಾಗಿಲೂ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ.

ಕೇಂಬ್ರಿಡ್ಜ್ ಎಂಬ ಹೆಸರು ದೊಡ್ಡದು, ಊರು ಸಣ್ಣದು. ಹಳೆಯ ಊರಿನ ಭಾಗವನ್ನು ಅರ್ಧ ಗಂಟೆಯಲ್ಲಿ ನಡೆದು ದಾಟಬಹುದು. 1209ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಗಲಭೆಯಾಗಿ ಅಲ್ಲಿಂದ ಓಡಿ ಬಂದ ಕೆಲವು ವಿದ್ವಾಂಸರು ಈ ಸಂತೆಯ ಊರಿನಲ್ಲಿ ನೆಲೆಸಿ ಪಾಠ ಆರಂಭಿಸಿದರು. 1284ರಲ್ಲಿ ಮೊದಲ ಕಾಲೇಜು ಬಂತು. ಇಂದು 31 ಕಾಲೇಜುಗಳಿವೆ. ಆದರೂ ಅಧಿಕೃತವಾಗಿ 'ನಗರ' ಎಂಬ ಪಟ್ಟ ಸಿಕ್ಕಿದ್ದು 1951ರಲ್ಲಿ. ಅಲ್ಲಿಯ ತನಕ ಅದು ಬರೇ ಪಟ್ಟಣ!

ಇಷ್ಟು ಸಣ್ಣ ಊರಿಗೆ ಇಷ್ಟೊಂದು ಚರ್ಚುಗಳು ಏಕೆ? ಹಿಂದೆ ಅಲ್ಲಿ ಪ್ರತಿಯೊಂದು ಕೇರಿಗೂ ಅದರದೇ ಚರ್ಚ್ ಇತ್ತು. ಓದಲು ಬರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಪಾದ್ರಿಗಳಾಗುವವರು. ಆರಂಭದ ಕಾಲೇಜುಗಳಿಗೆ ಸ್ವಂತ ಪ್ರಾರ್ಥನಾಲಯ ಕಟ್ಟುವ ಶಕ್ತಿ ಇರಲಿಲ್ಲ. ಪಕ್ಕದ ಕೇರಿಯ ಚರ್ಚನ್ನೇ ಅವು ಬಳಸಿಕೊಂಡವು. ಹೀಗೆ ಅಂಗಡಿ, ಪಾಠಶಾಲೆ, ಚರ್ಚ್ ಮೂರೂ ಒಂದೇ ಬೀದಿಯಲ್ಲಿ ಬೆಳೆದವು. ಇಂದಿಗೂ ಅಷ್ಟೇ. ಚರ್ಚಿನ ಕಾಂಪೌಂಡಿಗೆ ಒರಗಿಸಿಟ್ಟ ಸೈಕಲ್‌ಗಳ ಸಾಲು, ಎದುರಿನಲ್ಲಿ ಹಣ್ಣು ತರಕಾರಿಯ ಮಾರುಕಟ್ಟೆ, ಪಕ್ಕದಲ್ಲಿ ಪುಸ್ತಕದಂಗಡಿ.

ಟ್ರಂಪಿಂಗ್ಟನ್ ಬೀದಿಯಿಂದ ನಡಿಗೆ ಆರಂಭಿಸೋಣ. ಇಲ್ಲಿ ಮೊದಲು ಗಮನಿಸಬೇಕಾದದ್ದು ಕಾಲ ಬುಡದಲ್ಲಿದೆ. ರಸ್ತೆಯ ಎರಡೂ ಅಂಚಿನಲ್ಲಿ ಕಲ್ಲು ಕಟ್ಟಿದ ಕಿರುಗಾಲುವೆಗಳಿವೆ. ಬೇಸಿಗೆಯ ತಿಂಗಳುಗಳಲ್ಲಿ ಅವುಗಳಲ್ಲಿ ತಿಳಿನೀರು ಹರಿಯುತ್ತದೆ. ಊರ ಹೊರಗಿನ ಬುಗ್ಗೆಗಳಿಂದ ಕುಡಿಯುವ ನೀರು ತರಲು 1614ರ ಹೊತ್ತಿಗೆ ಪೂರ್ಣಗೊಂಡ ಯೋಜನೆಯ ಭಾಗವಿದು. ಆ ಕಾಲದಲ್ಲಿ ಊರಿನ ಚರಂಡಿ ಗಬ್ಬೆದ್ದು ನಾರುತ್ತಿತ್ತು. ಊರಿನವರೂ ವಿಶ್ವವಿದ್ಯಾಲಯದವರೂ ಒಟ್ಟು ಸೇರಿ ಈ ಕೆಲಸ ಮಾಡಿದರು. ಅವರಲ್ಲಿ ಥಾಮಸ್ ಹಾಬ್ಸನ್ ಎಂಬ ವ್ಯಾಪಾರಿಯೂ ಒಬ್ಬ. ಲಂಡನ್ನಿಗೆ ಸರಕು ಸಾಗಿಸುವುದು, ವಿದ್ಯಾರ್ಥಿಗಳಿಗೆ ಕುದುರೆ ಬಾಡಿಗೆಗೆ ಕೊಡುವುದು ಅವನ ಕಸುಬು. ಎಲ್ಲರೂ ಒಳ್ಳೆಯ ಕುದುರೆಯನ್ನೇ ಕೇಳಿದರೆ ಆ ಮೂಕಪ್ರಾಣಿಯ ಗತಿ ಏನು? ಅದಕ್ಕೆ ಅವನೊಂದು ನಿಯಮ ಮಾಡಿದ. ಲಾಯದ ಬಾಗಿಲ ಬಳಿ ಯಾವುದು ನಿಂತಿದೆಯೋ ಅದನ್ನೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಬರಿಗೈಯಲ್ಲಿ ಹೋಗಬೇಕು. ಹೀಗೆ ಎಲ್ಲ ಕುದುರೆಗಳಿಗೂ ಸಮನಾದ ವಿಶ್ರಾಂತಿ ದೊರೆಯಿತು. 'ಹಾಬ್ಸನ್‌ನ ಆಯ್ಕೆ' ಎಂಬ ಮಾತು ಇಂಗ್ಲಿಷ್‌ನಲ್ಲಿ ಗಾದೆಯೇ ಆಗಿಬಿಟ್ಟಿತು.

1631ರಲ್ಲಿ ತೀರಿಕೊಳ್ಳುವ ಮುನ್ನ ಹಾಬ್ಸನ್ ಈ ಕಾಲುವೆಯ ನಿರ್ವಹಣೆಗೆಂದು ಆಸ್ತಿಯನ್ನೂ ಬಿಟ್ಟುಹೋದ. ನಾವು ಇದನ್ನು ವಕ್ಫ್ ಎನ್ನುತ್ತೇವೆ. ಸತ್ತ ಮೇಲೂ ಹರಿಯುವ ದಾನವನ್ನು ಸದಕಾ ಜಾರಿಯಾ ಎನ್ನುತ್ತೇವೆ. ಹೆಸರು ಬೇರೆ, ಮನುಷ್ಯನ ಒಳ್ಳೆಯತನ ಒಂದೇ ಅಲ್ಲವೇ? ಅವನನ್ನು ದಫನ ಮಾಡಿದ್ದು ಹತ್ತಿರದ ಸೇಂಟ್ ಬೆನೆಟ್ಸ್ ಚರ್ಚಿನಲ್ಲಿ. ಸಾವಿರ ವರ್ಷ ಹಳೆಯದೆನ್ನಲಾದ ಅದರ ಗೋಪುರ ಆ ಊರಿನಲ್ಲೇ ಅತ್ಯಂತ ಪುರಾತನ ಕಟ್ಟಡ. ಅಲಂಕಾರವೇನೂ ಇಲ್ಲದ ಒರಟು ಕಲ್ಲಿನ ಗೋಪುರ. ಪಕ್ಕದಲ್ಲಿ ನಿಂತು ತಲೆ ಎತ್ತಿದರೆ ಮಾತ್ರ ಕಾಣುತ್ತದೆ.

ಇನ್ನು ಎರಡು ಹೆಜ್ಜೆ ಮುಂದೆ ಹೋದರೆ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಲಯ. ಕ್ಯಾಲೆಂಡರ್‌ಗಳಲ್ಲಿ ನೀವು ಅದರ ಚಿತ್ರ ನೋಡಿರಬಹುದು. ದೊರೆ 6ನೇ ಹೆನ್ರಿ 1446ರಲ್ಲಿ ಶಿಲಾನ್ಯಾಸ ಮಾಡಿದ. ಅಂತಃಕಲಹ, ಯುದ್ಧ, ದೊರೆಗಳ ಬದಲಾವಣೆ ಎಂದು ಕೆಲಸ ಎಳೆದು ಕಲ್ಲಿನ ಮಾಡು ಮುಗಿದದ್ದು 1515ರಲ್ಲಿ. ಸುಮಾರು 88 ಮೀಟರ್ ಉದ್ದದ ಆ ಕಟ್ಟಡದ ಒಳಗೆ ನಡುವೆ ಒಂದು ಕಂಬವೂ ಇಲ್ಲ. ಗೋಡೆಯ ಅಂಚಿನಿಂದ ಏಳುವ ಕಲ್ಲಿನ ಎಳೆಗಳು ಮೇಲೆ ಹೋಗುತ್ತಾ ಬೀಸಣಿಗೆಯಂತೆ ಬಿಚ್ಚಿಕೊಂಡು ಒಂದನ್ನೊಂದು ಮುಟ್ಟುತ್ತವೆ. ಈ ಬೀಸಣಿಗೆಯ ಮಾಡನ್ನು ಸ್ವಲ್ಪ ನೆನಪಿನಲ್ಲಿಡಿ. ಊರಿನ ಇನ್ನೊಂದು ತುದಿಯಲ್ಲಿ ಇದನ್ನು ಮತ್ತೆ ಕಾಣಲಿದ್ದೇವೆ.

ಅದರಾಚೆ ಬಲಗಡೆಗೆ ಗ್ರೇಟ್ ಸೇಂಟ್ ಮೇರೀಸ್. ಇದು ವಿಶ್ವವಿದ್ಯಾಲಯದ ಚರ್ಚ್. ಎದುರಿನ ಸೆನೆಟ್ ಹೌಸ್ 1730ರಲ್ಲಿ ಸಿದ್ಧವಾಗುವ ತನಕ ಪದವಿ ಪ್ರದಾನವೂ ಚರ್ಚಿನೊಳಗೇ ನಡೆಯುತ್ತಿತ್ತು. ಬೆನ್ನಿಗೆ ಮಾರುಕಟ್ಟೆ ಚೌಕ. ಬ್ರೆಡ್ಡು, ಹೂವು, ಮೀನು, ಹಳೆಯ ಪುಸ್ತಕ... ಶತಮಾನಗಳಿಂದ ನಡೆದು ಬಂದ ವ್ಯಾಪಾರ. ಎಷ್ಟು ಚೆಂದದ ನೋಟ! ಆದರೆ ಸಹೋದರಿಯರೇ, ಈ ಸುಂದರ ಚೌಕದಲ್ಲಿ ನಡೆದ ಎರಡು ಘಟನೆಗಳನ್ನು ಕೇಳಿ.

ಮಾರ್ಟಿನ್ ಬ್ಯೂಸರ್ ಎಂಬ ಕ್ರೈಸ್ತ ಸುಧಾರಕ 1551ರಲ್ಲಿ ತೀರಿಕೊಂಡಾಗ ಗೌರವದಿಂದ ಇದೇ ಚರ್ಚಿನಲ್ಲಿ ದಫನ ಮಾಡಲಾಯಿತು. ಅಷ್ಟರಲ್ಲಿ ಸಿಂಹಾಸನಕ್ಕೆ ಬೇರೆ ಪಂಗಡದ ರಾಣಿ ಬಂದಳು. 1557ರಲ್ಲಿ ಅವನ ಗೋರಿಯನ್ನು ಅಗೆದು, ಶವವನ್ನು ಪೆಟ್ಟಿಗೆ ಸಮೇತ ಹೊರತೆಗೆದು ಈ ಮಾರುಕಟ್ಟೆಯಲ್ಲಿ ಸುಡಲಾಯಿತು. ಮೂರು ವರ್ಷ ಕಳೆದು ಮತ್ತೊಬ್ಬ ರಾಣಿಯ ಕಾಲದಲ್ಲಿ ಅದೇ ವಿಶ್ವವಿದ್ಯಾಲಯ ಅವನಿಗೆ ಗೌರವವನ್ನು ಮರಳಿ ಕೊಟ್ಟಿತು. ದಫನ ಮಾಡಿದವರು, ಸುಟ್ಟವರು, ಗೌರವಿಸಿದವರು ಎಲ್ಲರೂ ಒಂದೇ ಧರ್ಮದವರು! ಪಂಗಡದ ಜಗಳ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕೇ? ನಮ್ಮಲ್ಲೂ 'ಆ ಮಸೀದಿಯವರು, ಈ ಮಸೀದಿಯವರು' ಎಂದು ಸಲಾಮ್ ಬಿಟ್ಟವರಿಲ್ಲವೇ?

ಎರಡನೆಯ ಘಟನೆ ನೇರವಾಗಿ ನಮಗೆ, ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಈ ವಿಶ್ವವಿದ್ಯಾಲಯದಲ್ಲಿ ಮಹಿಳೆಯರಿಗಾಗಿ 1869ರಲ್ಲಿ ಗರ್ಟನ್, 1871ರಲ್ಲಿ ನ್ಯೂನ್‌ಹ್ಯಾಮ್ ಕಾಲೇಜುಗಳು ಆರಂಭವಾದವು. ಹುಡುಗಿಯರು ಓದಿದರು, ಪರೀಕ್ಷೆ ಬರೆದರು, ಹುಡುಗರಿಗಿಂತ ಹೆಚ್ಚು ಅಂಕವನ್ನೂ ಗಳಿಸಿದರು. ಆದರೆ ಪದವಿ ಮಾತ್ರ ಕೊಡಲಿಲ್ಲ. ಕೊಡಬೇಕೇ ಬೇಡವೇ ಎಂದು 1897ರ ಮೇ ತಿಂಗಳಲ್ಲಿ ಸೆನೆಟ್ ಹೌಸ್‌ನಲ್ಲಿ ಮತದಾನವಾಯಿತು. ಅಂದು ಹೊರಗೆ ಸೇರಿದ ಹುಡುಗರು ಎದುರಿನ ಕಟ್ಟಡದಿಂದ ಸೈಕಲ್ ಮೇಲೆ ಕೂತ ಹೆಣ್ಣಿನ ಬೊಂಬೆಯೊಂದನ್ನು ನೇತುಹಾಕಿ ಗೇಲಿ ಮಾಡಿದರು. ಮತದಾನದಲ್ಲಿ ಮಹಿಳೆಯರು ಸೋತರು. ಅವರಿಗೆ ಪೂರ್ಣ ಪದವಿ ಸಿಕ್ಕಿದ್ದು 1948ರಲ್ಲಿ. ಮೊದಲ ಹೆಣ್ಣುಮಗಳು ಓದಲು ಕೂತು ಸುಮಾರು 80 ವರ್ಷಗಳ ನಂತರ! ವಿದ್ಯೆಯ ಬಾಗಿಲು ತೆರೆದಂತೆ ಮಾಡಿ ಹೊಸ್ತಿಲಲ್ಲೇ ನಿಲ್ಲಿಸಿದರೆ ಹೇಗಿರುತ್ತದೆ, ಯೋಚಿಸಿ. ಇಂದು ಅದೇ ಬೀದಿಯಲ್ಲಿ ಸ್ಕಾರ್ಫ್ ಧರಿಸಿದ ಹುಡುಗಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಟ್ರಿನಿಟಿ ಬೀದಿಗೆ ಬನ್ನಿ. ಟ್ರಿನಿಟಿ ಕಾಲೇಜಿನ ಎದುರು ಮರಗಳ ನೆರಳಿನ ಸಣ್ಣದೊಂದು ತೋಟವಿದೆ. ಶನಿವಾರ ಇಲ್ಲಿ ಕರಕುಶಲ ವಸ್ತುಗಳ ಸಂತೆ. ಹೆಣೆದ ಶಾಲು, ಮಣ್ಣಿನ ಬಟ್ಟಲು, ಬೆಳ್ಳಿಯ ಕಿವಿಯೋಲೆ ಮಾರುತ್ತಾರೆ. 1865ರ ತನಕ ಇಲ್ಲೊಂದು ಚರ್ಚ್ ಇತ್ತು. ಅದರ ಹೆಸರು 'ಯಹೂದಿ ಕೇರಿಯ ಆಲ್ ಸೇಂಟ್ಸ್'. ಯಹೂದಿ ಕೇರಿ ಎಲ್ಲಿದೆ ಎಂದು ಹುಡುಕಬೇಡಿ, ಸಿಗುವುದಿಲ್ಲ. 1275ರಲ್ಲಿ ರಾಜಮಾತೆ ಎಲಿನೋರ್ ತನ್ನ ಪಾಲಿಗೆ ಬಂದ ಊರುಗಳಿಂದ ಯಹೂದಿಗಳನ್ನು ಹೊರಹಾಕಿಸಿದಳು. ಅವುಗಳಲ್ಲಿ ಕೇಂಬ್ರಿಡ್ಜ್ ಕೂಡ ಒಂದು. 1290ರಲ್ಲಿ ಇಡೀ ಇಂಗ್ಲೆಂಡಿನಿಂದಲೇ ಅವರನ್ನು ಓಡಿಸಲಾಯಿತು. ಮತ್ತೆ ಅಲ್ಲಿ ಬಹಿರಂಗವಾಗಿ ಬದುಕಲು ಅವರಿಗೆ ಸಾಧ್ಯವಾದದ್ದು 1656ರ ನಂತರ. ನೆರೆಯವರು ಹೋದರು, ಮನೆಗಳು ಹೋದವು, ಕೊನೆಗೆ ಚರ್ಚೂ ಹೋಯಿತು. ಹೆಸರೊಂದು ಉಳಿಯಿತು. ಸ್ಪೇನಿನಿಂದ ನಮ್ಮವರನ್ನು ಓಡಿಸಿದ ಕಥೆ ಓದಿ ಕಣ್ಣೀರಿಟ್ಟವರಿಗೆ ಈ ನೋವು ಅರ್ಥವಾಗದೆ ಇರದು.

ಇನ್ನು ಬ್ರಿಡ್ಜ್ ಬೀದಿಯ ಮೂಲೆಗೆ ಬಂದರೆ ಒಂದು ವಿಚಿತ್ರ ಚರ್ಚ್. ಅದು ದುಂಡಗಿದೆ! ಜನ ಅದನ್ನು ದುಂಡು ಚರ್ಚ್ ಎಂದೇ ಕರೆಯುತ್ತಾರೆ. 1130ರ ಸುಮಾರಿಗೆ ಕಟ್ಟಿದ್ದು. ಒಳಗೆ ಎಂಟು ದಪ್ಪ ಕಂಬಗಳು ವೃತ್ತಾಕಾರದಲ್ಲಿ ನಿಂತಿವೆ. ಇಂಗ್ಲೆಂಡಿನಲ್ಲಿ ಉಳಿದ ಇಂಥ ಹಳೆಯ ಚರ್ಚುಗಳು ಬೆರಳೆಣಿಕೆಯಷ್ಟು. ಇದು ದುಂಡಗಿರುವುದಕ್ಕೆ ಕಾರಣ ಜೆರುಸಲೇಮ್. ಶಿಲುಬೆ ಯೋಧರು 1099ರಲ್ಲಿ ಆ ಪವಿತ್ರ ನಗರವನ್ನು ವಶಪಡಿಸಿಕೊಂಡು ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದರು. ಆ ನಂತರದ ಉತ್ಸಾಹದಲ್ಲಿ ಯೂರೋಪಿನವರು ಅಲ್ಲಿಯ 'ಪವಿತ್ರ ಸಮಾಧಿ' ಚರ್ಚಿನ ದುಂಡನೆಯ ಆಕಾರವನ್ನು ತಮ್ಮ ಊರುಗಳಲ್ಲೂ ಕಟ್ಟಿಕೊಂಡರು. ಈ ಚರ್ಚಿನ ಹೆಸರೂ ಅದೇ.

ಆ ಮೂಲ ಚರ್ಚಿನ ಬಾಗಿಲಲ್ಲಿ ನಡೆದ ಒಂದು ಘಟನೆ ನಮಗೆ ಗೊತ್ತಿರಬೇಕು. ಶಿಲುಬೆ ಯೋಧರಿಗಿಂತ ನಾಲ್ಕೂವರೆ ಶತಮಾನಗಳ ಹಿಂದೆ, ಕ್ರಿ.ಶ. 638ರ ಸುಮಾರಿಗೆ, ಖಲೀಫಾ ಹಝ್ರತ್ ಉಮರ್(ರ) ಜೆರುಸಲೇಮಿಗೆ ಬಂದರು. ಧರ್ಮಗುರು ಸೊಫ್ರೋನಿಯಸ್ ಅವರಿಗೆ ಚರ್ಚನ್ನು ತೋರಿಸುತ್ತಿದ್ದಾಗ ನಮಾಝ್‌ನ ಸಮಯವಾಯಿತು. ಇಲ್ಲೇ ನಮಾಝ್ ಮಾಡಿ ಎಂದು ಗುರುಗಳೇ ಹೇಳಿದರು. ಉಮರ್(ರ) ಒಪ್ಪಲಿಲ್ಲ. ಹೊರಗೆ ಬಂದು ಬಾಗಿಲ ಬಳಿಯ ಮೆಟ್ಟಿಲಲ್ಲಿ ಒಬ್ಬರೇ ನಮಾಝ್ ನಿರ್ವಹಿಸಿದರು. ತಾವು ಒಳಗೆ ನಮಾಝ್ ಮಾಡಿದರೆ ಉಮರ್ ಇಲ್ಲಿ ನಮಾಝ್ ಮಾಡಿದ್ದರು ಎಂಬ ನೆಪದಲ್ಲಿ ಮುಂದೆ ಮುಸ್ಲಿಮರು ಈ ಚರ್ಚನ್ನು ಕಸಿದುಕೊಂಡಾರು ಎಂದು ಕಾರಣವನ್ನೂ ತಿಳಿಸಿದರು. ಇದನ್ನು ಬರೆದಿಟ್ಟವರು ನಮ್ಮವರಲ್ಲ, 10ನೇ ಶತಮಾನದ ಕ್ರೈಸ್ತ ಚರಿತ್ರೆಕಾರ ಸಈದ್ ಇಬ್ನ್ ಬಿತ್ರೀಕ್.

ಗೆದ್ದವರು ಅವರು. ಕೈಯಲ್ಲಿ ಅಧಿಕಾರವಿತ್ತು. ಒಳಗೆ ಬನ್ನಿ ಎಂಬ ಆಹ್ವಾನವೂ ಇತ್ತು. ಆದರೂ ಮುಂದಿನ ತಲೆಮಾರಿನ ನೆರೆಯವರ ಹಕ್ಕನ್ನು ನೆನೆದು ಬಾಗಿಲ ಹೊರಗೆ ನಿಂತರು. ಮುಸ್ಲಿಮರೆಲ್ಲರೂ ಹೀಗೆಯೇ ನಡೆದುಕೊಂಡರೇ? ಇಲ್ಲ. ಫಾತಿಮೀ ದೊರೆ ಅಲ್ ಹಾಕಿಮ್ 1009ರಲ್ಲಿ ಅದೇ ಚರ್ಚನ್ನು ಕೆಡವಿಸಿದ. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ನಂತರ ಚರ್ಚ್ ಮತ್ತೆ ಎದ್ದಿತು. 1187ರಲ್ಲಿ ಸಲಾಹುದ್ದೀನ್ ಅಯ್ಯೂಬಿ ಜೆರುಸಲೇಮನ್ನು ಮರಳಿ ಪಡೆದಾಗ ಕೆಲವರು ಅದನ್ನು ನೆಲಸಮ ಮಾಡಲು ಸಲಹೆ ಕೊಟ್ಟರು. ಉಮರ್(ರ)ರ ಮಾದರಿ ಎದುರಿಗಿದ್ದುದರಿಂದ ಅದು ಉಳಿಯಿತು. ಬೇರೆ ಬೇರೆ ಕ್ರೈಸ್ತ ಪಂಗಡಗಳು ಹಂಚಿಕೊಂಡಿರುವ ಆ ಚರ್ಚಿನ ಬೀಗದ ಕೈ ಶತಮಾನಗಳಿಂದ ಇರುವುದು ಮುಸ್ಲಿಮ್ ಮನೆತನದ ಬಳಿ. ಒಂದು ಮನೆತನ ಕೀಲಿ ಕಾಯುತ್ತದೆ, ಇನ್ನೊಂದು ಬಾಗಿಲು ತೆರೆಯುತ್ತದೆ. ಪವಿತ್ರ ಕುರ್‌ಆನ್‌ನ ಅಲ್ ಹಜ್ಜ್ ಅಧ್ಯಾಯದ 40ನೇ ಸೂಕ್ತದಲ್ಲಿ ಮಸೀದಿಯ ಜೊತೆಯಲ್ಲೇ ಮಠ, ಚರ್ಚ್, ಯಹೂದಿ ಆರಾಧನಾಲಯಗಳ ಪ್ರಸ್ತಾಪ ಏಕೆ ಬಂದಿದೆ ಎಂಬುದು ಇಂಥ ಕಡೆಯಲ್ಲಿ ಅರ್ಥವಾಗುತ್ತದೆ.

ದುಂಡು ಚರ್ಚಿನ ಹತ್ತಿರವೇ ಸೇಂಟ್ ಜಾನ್ಸ್ ಕಾಲೇಜು. ಅಬ್ದುಲ್ಲಾ ಯೂಸುಫ್ ಅಲಿ ಓದಿದ್ದು ಇಲ್ಲಿಯೇ, 1890ರ ದಶಕದಲ್ಲಿ. 1930ರ ದಶಕದಲ್ಲಿ ಲಾಹೋರಿನಿಂದ ಪ್ರಕಟವಾದ ಅವರ ಕುರ್‌ಆನ್‌ನ ಇಂಗ್ಲಿಷ್ ಅನುವಾದ ನಿಮ್ಮಲ್ಲಿ ಹಲವರ ಮನೆಯ ಕಪಾಟಿನಲ್ಲಿರಬಹುದು. ಇನ್ನು ಸ್ವಲ್ಪ ಮುಂದೆ ಸೇಂಟ್ ಕ್ಲೆಮೆಂಟ್ಸ್ ಚರ್ಚಿನ ಮಗ್ಗುಲಲ್ಲಿ ಪೋರ್ಚುಗಲ್ ಪ್ಲೇಸ್ ಎಂಬ ಕಿರು ಓಣಿ. ಅಲ್ಲಿ 17ನೇ ನಂಬರಿನ ಮನೆಯ ಗೋಡೆಯಲ್ಲಿ ಒಂದು ಫಲಕವಿದೆ. 1905ರಲ್ಲಿ ಟ್ರಿನಿಟಿ ಕಾಲೇಜಿಗೆ ಓದಲು ಬಂದ ಕವಿ ಮುಹಮ್ಮದ್ ಇಕ್ಬಾಲ್ ವಾಸಿಸಿದ್ದ ಮನೆಯಿದು. ಆಗ ಆ ಊರಲ್ಲಿ ಮಸೀದಿ ಇರಲಿಲ್ಲ. ಅವರ ಕಿವಿಗೆ ಬೀಳುತ್ತಿದ್ದುದು ಚರ್ಚಿನ ಗಂಟೆ ಮಾತ್ರ. ಗಂಟೆಯ ಸದ್ದು ಅವರ ಈಮಾನನ್ನು ಅಲುಗಿಸಲಿಲ್ಲ! ಮಗಳ ಬಗ್ಗೆ ಅಳುಕಿದ ಆ ತಾಯಿಗೆ ನಾನು ಹೇಳಿದ್ದೂ ಇದನ್ನೇ.

ಇನ್ನು ಕೊನೆಯ ನಿಲ್ದಾಣ. ಪಾರ್ಕರ್ಸ್ ಪೀಸ್ ಎಂಬ ವಿಶಾಲ ಮೈದಾನವನ್ನು ದಾಟಿದರೆ ಮಿಲ್ ರೋಡ್. ಇಲ್ಲಿ ಊರಿನ ಮುಖವೇ ಬೇರೆ. ಪ್ರವಾಸಿಗಳ ಬದಲು ಸಂಸಾರಸ್ಥರು, ಹಲವು ದೇಶಗಳ ಅಂಗಡಿ, ಹೋಟೆಲು, ಮಸಾಲೆ ಸಾಮಾನಿನ ವಾಸನೆ. ರೈಲ್ವೆ ಸೇತುವೆ ದಾಟಿದರೆ ಕೇಂಬ್ರಿಡ್ಜ್ ಸೆಂಟ್ರಲ್ ಮಸೀದಿ. ಮೊದಲು ಹತ್ತಿರದ ಅಡ್ಡರಸ್ತೆಯಲ್ಲಿದ್ದ ಮಸೀದಿಯಲ್ಲಿ ಜುಮಾ ದಿನ ಜಾಗ ಸಾಲುತ್ತಿರಲಿಲ್ಲ. 2008ರಲ್ಲಿ ಹೊಸ ಮಸೀದಿಯ ಯೋಜನೆ ಹುಟ್ಟಿತು. ವಿಶ್ವವಿದ್ಯಾಲಯದ ಅಧ್ಯಾಪಕ, ಇಸ್ಲಾಮ್ ಸ್ವೀಕರಿಸಿದ ಇಂಗ್ಲಿಷ್ ವಿದ್ವಾಂಸ ಅಬ್ದುಲ್ ಹಕೀಮ್ ಮುರಾದ್ ಇದರ ಮುಂದಾಳು. ಆತಂಕಪಟ್ಟವರೂ ಇದ್ದರು, ಬೆಂಬಲಿಸಿದವರೂ ಇದ್ದರು. 2012ರಲ್ಲಿ ಅನುಮತಿ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಒಮ್ಮೆಗೆ ಸುಮಾರು 1,000 ಮಂದಿ ನಮಾಝ್ ಮಾಡಬಹುದು.

ಇದರ ವಿನ್ಯಾಸ 'ಲಂಡನ್ ಐ' ಚಕ್ರವನ್ನು ರೂಪಿಸಿದ ದಂಪತಿಗಳಾದ ಡೇವಿಡ್ ಮಾರ್ಕ್ಸ್ ಮತ್ತು ಜೂಲಿಯಾ ಬಾರ್‌ಫೀಲ್ಡ್‌ರ ಸಂಸ್ಥೆಯದ್ದು. ಡೇವಿಡ್ 2017ರಲ್ಲಿ ತೀರಿಕೊಂಡರು. ಜೂಲಿಯಾ ಕೆಲಸವನ್ನು ಪೂರ್ಣಗೊಳಿಸಿದರು. ಒಳಗೆ ಕಾಲಿಟ್ಟರೆ ಮರದ ಕಂಬಗಳು ವೃಕ್ಷಗಳಂತೆ ಎದ್ದು, ಮೇಲೆ ಕೊಂಬೆಗಳನ್ನು ಚಾಚಿ ಒಂದರೊಳಗೊಂದು ಹೆಣೆದುಕೊಂಡಿವೆ. ಎಲ್ಲೋ ನೋಡಿದಂತಿದೆಯಲ್ಲವೇ? ಹೌದು, ಕಿಂಗ್ಸ್ ಪ್ರಾರ್ಥನಾಲಯದ ಬೀಸಣಿಗೆಯ ಮಾಡು! ಇಂಗ್ಲೆಂಡಿನ ಹಳೆಯ ಚರ್ಚುಗಳ ಆ ಕೆಲಸದಿಂದ ಪ್ರೇರಣೆ ಪಡೆದೆವೆಂದು ವಿನ್ಯಾಸಕಾರರೇ ಹೇಳಿದ್ದಾರೆ. ಹೊರಗೋಡೆ ಆ ಊರಿನ ಮನೆಗಳಂತೆಯೇ ಇಟ್ಟಿಗೆಯದ್ದು, ಆದರೆ ಇಟ್ಟಿಗೆಗಳ ಜೋಡಣೆಯಲ್ಲಿ ಅಲ್ಲಾಹನ ಏಕತ್ವ ಸಾರುವ ಕೂಫಿ ಲಿಪಿಯ ಬರಹವಿದೆ. ಮಿನಾರವಿಲ್ಲ. ವಾಹನಗಳಿಗೆ ನೆಲಮಾಳಿಗೆಯಲ್ಲಿ ಜಾಗ. ಬೀದಿಯ ಕಡೆಗೆ ತೋಟ. ಅಲ್ಲಿ ನೆರೆಹೊರೆಯ ಯಾರೂ ಬಂದು ಕೂರಬಹುದು. ಒಳಗನ್ನು ನೋಡಬಯಸುವ ಇತರ ಧರ್ಮದವರನ್ನೂ ಕರೆದು ತೋರಿಸುತ್ತಾರೆ. ಮಹಿಳೆಯರಿಗೂ ಎಳೆಯ ಮಕ್ಕಳ ತಾಯಂದಿರಿಗೂ ನಮಾಝ್‌ಗೆ ಸ್ಥಳವಿದೆ.

ಸಹೋದರಿಯರೇ, ನಮ್ಮ ನಡಿಗೆ ಇಲ್ಲಿಗೆ ಮುಗಿಯಿತು. ಕಲ್ಲು, ಗಾಜು, ಗೋಪುರಗಳ ಸೊಗಸನ್ನು ಯಾರೂ ಮೆಚ್ಚಬಹುದು. ಆದರೆ ಒಂದು ಆರಾಧನಾಲಯದ ಬೆಲೆ ತಿಳಿಯುವುದು ಅದರ ಬಾಗಿಲಲ್ಲಿ. ಹೊರಗೆ ನಿಂತವರನ್ನು ಅದು ಹೇಗೆ ನಡೆಸಿಕೊಂಡಿತು ಎಂಬುದರಲ್ಲಿ. ಕೇಂಬ್ರಿಡ್ಜ್‌ನ ಆ ಬೀದಿಗಳಲ್ಲಿ ಯಹೂದಿ ನೆರೆಯವನು ಹೊರಗಾದ, ಬೇರೆ ಪಂಗಡದವನು ಗೋರಿಯಿಂದಲೂ ಹೊರಗಾದ, ಹೆಣ್ಣುಮಗಳು ಪದವಿಯಿಂದ ಹೊರಗಾದಳು. ಅದೇ ಊರು ನಿಧಾನವಾಗಿ ಕಲಿತು ಒಂದೊಂದೇ ಬಾಗಿಲು ತೆರೆಯಿತು. ಕೊನೆಗೆ ಮಸೀದಿಗೂ ಜಾಗ ಕೊಟ್ಟಿತು.

ನಾವು? ಪ್ರವಾದಿ(ಸ)ರ ಮಸೀದಿಯಲ್ಲಿ ನಜ್ರಾನಿನ ಕ್ರೈಸ್ತರು ಅತಿಥಿಗಳಾಗಿ ಬಂದಾಗ ಅಲ್ಲಿಯೇ ತಮ್ಮ ಪ್ರಾರ್ಥನೆ ನಿರ್ವಹಿಸಲು ಬಿಟ್ಟರೆಂದು ಸೀರಾ ಗ್ರಂಥಗಳು ದಾಖಲಿಸಿವೆ. ಆ ಮಸೀದಿಗೆ ಮಹಿಳೆಯರು ಬರುತ್ತಿದ್ದರು, ಅವರನ್ನು ತಡೆಯಬೇಡಿ ಎಂಬ ಸೂಚನೆಯೂ ಇತ್ತು. ಇಂದು ಪೇಟೆಗೆ, ಆಸ್ಪತ್ರೆಗೆ ಹೋದ ನಮ್ಮ ಹೆಣ್ಣುಮಕ್ಕಳು ಅಝಾನ್ ಕೇಳಿಯೂ ವುಝೂ ಮಾಡಲು ಜಾಗವಿಲ್ಲದೆ ಎಷ್ಟು ನಮಾಝ್‌ಗಳನ್ನು ಕಳೆದುಕೊಳ್ಳುತ್ತಾರೆ? ನೂರು ಹೆಜ್ಜೆ ದೂರದಲ್ಲಿ ಮಸೀದಿ ಇರುತ್ತದೆ, ಆದರೆ ಅದರ ಬಾಗಿಲು ಅವರಿಗಲ್ಲ! ಪಕ್ಕದ ಮನೆಯ ಕ್ರೈಸ್ತ, ಹಿಂದೂ ಸಹೋದರಿ ನಮ್ಮ ಮಸೀದಿಯ ಒಳಗೆ ಏನಿದೆ ಎಂದು ಎಂದಾದರೂ ನೋಡಿದ್ದಾಳೆಯೇ? ಇತ್ತೀಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ 'ಮಸೀದಿ ದರ್ಶನ' ಕಾರ್ಯಕ್ರಮಗಳು ನಡೆದಿವೆ. ಸಂತೋಷದ ವಿಷಯ. ಅದು ವರ್ಷಕ್ಕೊಂದು ದಿನದ ಸಂಭ್ರಮವಾಗಿ ಮುಗಿಯಬಾರದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಯಾದಾಗ ಒಡೆದ ಗಾಜು ನಮ್ಮದೂ ಹೌದು ಎಂದು ನಮಗೆಷ್ಟು ಮಂದಿಗೆ ಅನಿಸಿತು?

ಆ ತಾಯಿ ಮಗಳಿಗೆ ಹೇಳಬೇಕಾದ ಕಿವಿಮಾತು ಇಷ್ಟೇ ಎಂದು ನನ್ನ ಅನಿಸಿಕೆ. ಮಗಳೇ, ನಿನ್ನ ನಮಾಝ್ ಬಿಡಬೇಡ. ಮಿಲ್ ರೋಡಿನ ಮಸೀದಿಗೆ ಹೋಗು. ದಾರಿಯಲ್ಲಿ ಚರ್ಚುಗಳು ಸಿಕ್ಕಾಗ ಗೌರವದಿಂದ ನೋಡು. ಗೆಳತಿ ಕೇಳಿದರೆ ದುಂಡು ಚರ್ಚಿನ ಎದುರು ನಿಂತು ಬಾಗಿಲ ಹೊರಗೆ ನಮಾಝ್ ಮಾಡಿದ ಖಲೀಫರ ಕಥೆಯನ್ನು ಹೇಳು. ಅವಳಿಗೆ ಅದು ಗೊತ್ತಿರಲಿಕ್ಕಿಲ್ಲ.

ನಮ್ಮ ಮಕ್ಕಳಿಗೂ ಅದು ಗೊತ್ತಿದೆಯೇ? ಇಂದು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಕೇಳಿ ನೋಡಿ.